ಬಣ್ಣ ಹಿಡಿಯದ ಎರಡು ಜಾಗ

ಹಗರಿಬೊಮ್ಮನಹಳ್ಳಿಯ ಸ್ಟೇಷನ್ ರಸ್ತೆಯಲ್ಲಿ ಶೇಖಾವಲಿ ಅಪಘಾತವಾದ ಗಾಡಿಗಳಿಗೆ ಬಣ್ಣ ಹೊಡೆಯುತ್ತಿದ್ದ. ರಕ್ತ ತೊಳೆಯುವವನೂ ಅವನೇ. ಗಾಡಿಯಲ್ಲಿ ಯಾರಾದರೂ ಸತ್ತಿದ್ದರೆ ಬಾಗಿಲ ಒಳಮೈಯಲ್ಲಿ ಹೆಬ್ಬೆರಳಗಲ ಹಳೇ ಬಣ್ಣ ಹಾಗೇ ಬಿಡುತ್ತಿದ್ದ.

"ಹೋದವ್ರು ಒಮ್ಮೆ ಹುಡಿಕ್ಕೊಂಡು ಬರ್ತಾರ. ಗುರುತು ಸಿಕ್ರ ನೋಡಿ ಹೋಗ್ತಾರ. ಸಿಗದಿದ್ರ ಅಲ್ಲೇ ಕುಂತುಬಿಡ್ತಾರ" ಅನ್ನುತ್ತಿದ್ದ. ಕೂಲಿಕಾರರ ಸಂಘದವರಾದ ನಾವು ನಗುತ್ತಿದ್ದೆವು. ಧರಣಿಗೆ ಬೋರ್ಡು ಬರೆಯಲು ಮಾತ್ರ ಅವನೇ ಬೇಕಿತ್ತು.

ಎರಡು ಸಾವಿರದ ಎಂಟರ ಬೇಸಿಗೆಯಲ್ಲಿ ತಂಬ್ರಹಳ್ಳಿಯ ಯರ್ರಿಸ್ವಾಮಿ ಕಾಮಾಲೆಯಾಗಿ ಸತ್ತ. ನಮ್ಮ ಅರ್ಜಿಗಳನ್ನೆಲ್ಲ ಟೈಪು ಮಾಡುತ್ತಿದ್ದವನು ಅವನೇ. ಯಾರೋ ಬಳಸಿ ಬಿಟ್ಟ ಲ್ಯಾಪ್‌ಟಾಪು ಅವನದು. ಅಂಗೈ ಊರುವ ಎರಡು ಕಡೆ ಬಣ್ಣ ಸವೆದು ಬಿಳಿಚಿಕೊಂಡಿತ್ತು. ಎಡಗಡೆಯ ಕಲೆ ಓರೆ. ಒಂದು ಧರಣಿಯಲ್ಲಿ ಲಾಠಿ ಬಿದ್ದು ಮುರಿದ ಅವನ ಎಡ ಮಣಿಕಟ್ಟು ಸೊಟ್ಟಗೇ ಕೂಡಿಕೊಂಡಿತ್ತು.

ಟೈಪಿಂಗ್ ಕಲಿತಿದ್ದ ಅವನ ಹೆಂಡತಿ ಶಿವಲೀಲಾ ಆ ಕೆಲಸ ಹಿಡಿಯಬೇಕಿತ್ತು. ಇಲ್ಲದಿದ್ದರೆ ಮತ್ತೆ ಕಳೆ ತೆಗೆಯುವ ಕೂಲಿ. ಆದರೆ ಆ ಲ್ಯಾಪ್‌ಟಾಪಿನ ಮೇಲೆ ಅವಳ ಕೈಯೇ ಹೋಗುತ್ತಿರಲಿಲ್ಲ. ಅತ್ತೆ ಭರಮಮ್ಮನದು ಬೇರೆ ಗದ್ದಲ: "ಸತ್ತವನ ಸಾಮಾನು ಮನ್ಯಾಗ ಬ್ಯಾಡ. ಡ್ಯಾಮಿನ ಹಿನ್ನೀರಿಗಿ ಒಗದು ಬಾ."

ಶಿವಲೀಲಾ ಅದನ್ನು ಶೇಖಾವಲಿಯ ಮನೆಗೆ ತಂದಳು. ನಾನೂ ಜೊತೆಗಿದ್ದೆ.

"ಅಣ್ಣಾ, ಬ್ಯಾರೆ ಬಣ್ಣ ಹೊಡದು ಕೊಡ್ರಿ. ಹಳೇದು ಒಂದು ಚೂರೂ ಕಾಣಬಾರ್ದು."

"ಒಂದು ಮೂಲ್ಯಾಗ ಗುರುತು ಬಿಡ್ತೀನವ್ವಾ."

"ಬ್ಯಾಡ್ರಿ. ಗುರುತಿಗೇ ಅಂಜಿ ಬಂದೀನಿ."

ಶೇಖಾವಲಿ ನನ್ನ ಮುಖ ನೋಡಿದ. ನಾನು ಹೊಡಿ ಅಂದೆ.

ಅಂಗಡಿಯ ಧೂಳು ಬೇಡವೆಂದು ಮನೆಯ ಅಂಗಳದಲ್ಲೇ ಕೂತ. ಕೀಲಿಗಳ ಮೇಲೆ ಪೇಪರು ಅಂಟಿಸಿ, ಉಪ್ಪುಕಾಗದದಿಂದ ಉಜ್ಜಿ, ಸೋಪುಪುಡಿ ಹಾಕಿ ಒರೆಸಿದ. ಥಿನ್ನರಿನ ವಾಸನೆಗೆ ಅವನ ಹೆಂಡತಿ ಫಾತಿಮಾ ಬೀ ಮೂಗಿಗೆ ಸೆರಗು ಹಿಡಿದಳು.

"ಟ್ರಾಕ್ಟರ್ ಆತು, ಬೀರು ಆತು, ಈಗ ಇದು. ನಾಳಿ ನನಗೂ ಬಳೀತೀರೇನು?"

"ನಿನಗ ಬಳ್ಯಾಕ ಡಬ್ಬಿ ಸಾಲಂಗಿಲ್ಲ ಬಿಡು."

ಟ್ರಾಕ್ಟರಿನ ನೀಲಿ ಹೊಡೆದು ನೆರಳಿಗಿಟ್ಟ. ಒಣಗುವಷ್ಟರಲ್ಲಿ ಬಣ್ಣ ಅಂಗೈ ಊರುವ ಎರಡೂ ಕಡೆ ಹಿಂದೆ ಸರಿದಿತ್ತು. ಬಲಗಡೆ ನೇರ. ಎಡಗಡೆ ಓರೆ.

"ಕೈಯಿನ ಜಿಡ್ಡು" ಅಂದ ಶೇಖಾವಲಿ. "ವರ್ಷಗಟ್ಲೆ ಬೆವರು ಕುಡದೈತಿ. ಜಿಡ್ಡಿನ ಮ್ಯಾಲೆ ಬಣ್ಣ ನಿಲ್ಲಂಗಿಲ್ಲ." ಮತ್ತೆ ಕೆರೆದ, ಒರೆಸಿದ, ಪ್ರೈಮರ್ ಬಳಿದು ಹೊಡೆದ. ಮತ್ತೆ ಸರಿಯಿತು. ಇನ್ನೊಮ್ಮೆ ಹೊಡೆದ. ಫಾತಿಮಾ ಬೀ ಈಗ ನಗಲಿಲ್ಲ. ಒಳಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡಳು.

ಶೇಖಾವಲಿ ಸ್ಪ್ರೇ ಗನ್ ಕೆಳಗಿಟ್ಟ. ಟ್ಯಾಂಕರಿಗೆ ಸಿಕ್ಕಿ ಜಜ್ಜಿಹೋದ ಗಾಡಿಗಳನ್ನು ಬೀಡಿ ಸೇದುತ್ತಲೇ ತೊಳೆದವನು. ಅಂದು ಬೀಡಿ ಹಚ್ಚದೆ ಎರಡು ಸಲ ಕೈ ತೊಳೆದುಕೊಂಡು ಬಂದ.

"ನಾನು ಗುರುತು ಬಿಡ್ಲಿಲ್ಲ. ಅವನಽ ತಗೊಂಡ."

"ಜಿಡ್ಡು ಅಂದೀಯಲ್ಲೋ" ಅಂದೆ.

"ಜಿಡ್ಡೂ ಅವಂದಽ ಅಲ್ಲೇನು?"

ಸಂಜೆ ಶಿವಲೀಲಾ ಬಂದಳು. ಶೇಖಾವಲಿ ಲ್ಯಾಪ್‌ಟಾಪು ಮುಂದಿಟ್ಟ. ಎಲ್ಲ ಕಡೆ ಹೊಳೆಯುವ ನೀಲಿ, ನಡುವೆ ಆ ಎರಡು ಬೋಳು ಜಾಗ. ಅವಳು ಬಗ್ಗಿ ನೋಡಿದಳು. ಅಳಲಿಲ್ಲ.

"ಹಿನ್ನೀರಿಗಿ ಒಗೀಲೇನ್ರಿ?" ಅಂತ ನನ್ನನ್ನೇ ಕೇಳಿದಳು. ಶೇಖಾವಲಿಯೇ ಹೇಳಿದ: "ಗುರುತು ಸಿಕ್ಕೈತಿ. ನೋಡಿ ಹೋಗ್ತಾನ. ನೀ ಕೈ ಇಡವ್ವಾ."

ಇಟ್ಟಳು. ಕಣ್ಣು ಮುಚ್ಚಿ ಇಟ್ಟಳು.

ಆಮೇಲೆ ನಮ್ಮ ಆಫೀಸಿನಲ್ಲಿ ಕೂತು ಸಂಘದ ಅರ್ಜಿಗಳನ್ನು ಅದರಲ್ಲೇ ಅವಳು ಟೈಪು ಮಾಡಿದಳು. ಕೂಲಿಗೆ ಹೋಗಲಿಲ್ಲ. ಶೇಖಾವಲಿ ಮಾತ್ರ ನಮ್ಮ ಆಫೀಸಿಗೆ ಬಂದರೆ ಹೊಸ್ತಿಲಲ್ಲೇ ನಿಂತು ಮಾತಾಡಿ ಹೋಗುತ್ತಿದ್ದ. ಒಮ್ಮೆ ರೇಗಿಸಿದೆ: "ಒಳಗ ಬಾರೋ, ಏನು ಅಂಜ್ತಿ?"

"ನೋಡಿ ಹೋಗ್ತಾನ ಅಂದಿದ್ದೆ. ಹೋಗಿಲ್ಲ. ಆಕಿ ಕೈ ನೋಡು."

ನೋಡಿದೆ. ಶಿವಲೀಲಾ ಟೈಪು ಮಾಡುತ್ತಿದ್ದಳು. ಬಲಗೈ ನೇರ. ಎಡಗೈ ಓರೆಯಾಗಿ, ಮಣಿಕಟ್ಟು ಸೊಟ್ಟಗೆ ಮಾಡಿಕೊಂಡು ಕೂತಿತ್ತು. ಆ ಕೈಗೆ ಯಾವ ಲಾಠಿಯೂ ಬಿದ್ದಿರಲಿಲ್ಲ.