ನೀರುಗಂಟಿಯ ಅಳತೆಕೋಲು
ಕಿರ್ಗಿಜ್ ಊರಿನ ನೀರುಗಂಟಿ ಶಾರ್ಶೆನ್ ಮದುವೆಮನೆಗೆ ಹೋದರೂ ಅಳತೆಕೋಲು ಬಗಲಲ್ಲೇ ಇರುತ್ತದೆ. ಮದುವಣಗಿತ್ತಿಯನ್ನು ಹರಸುವಾಗಲೂ ‘ನಿನ್ನ ಅತ್ತೆಮನೆ ಕಾಲುವೆಯ ಮೊದಲಿಗೋ ಕೊನೆಗೋ ತಾಯಿ?’ ಎಂದು ಕೇಳದೆ ಬಿಡುವವನಲ್ಲ. ಮನೆಯಲ್ಲಿ ಚಹಾ ಬಗ್ಗಿಸಿದರೆ ಬಟ್ಟಲುಗಳನ್ನು ಪಕ್ಕಪಕ್ಕ ಇಟ್ಟು, ಬಗ್ಗಿ ನೋಡಿ, ಹನಿ ಹನಿ ಸರಿದೂಗಿಸುತ್ತಾನೆ. ‘ಇದು ಚಹಾ ಕಣ್ರೀ, ಹೊಳೆ ಅಲ್ಲ’ ಎಂದು ಹೆಂಡತಿ ಬುರುಲ್ ಗದರುತ್ತಾಳೆ. ಅವನೂ ಆಚೆ ದಡದ ತಾಜಿಕ್ ಊರಿನ ನೀರುಗಂಟಿ ಖೋಲ್ನಜರನೂ ಮೂವತ್ತು ವರ್ಷದಿಂದ ಈ ಒಂದೇ ಕೋಲಿನಿಂದ ಹೊಳೆ ಹಂಚಿದವರು: ನೀರು ಕೋಲಿನ ಮೇಲೆ ಕೊರೆದ ಗೆರೆ ಮುಟ್ಟಿದರೆ ಎರಡೂ ಊರಿಗೆ, ಮುಟ್ಟದಿದ್ದರೆ ದಿನ ಬಿಟ್ಟು ದಿನ ಸರದಿ. ಗಡಿಯಲ್ಲಿ ಜನ ಕಲ್ಲು ತೂರಾಡಿದ ವರ್ಷವೂ ಇದು ತಪ್ಪಲಿಲ್ಲ. ನೀರು ಇಳಿದಂತೆಲ್ಲ ಇಬ್ಬರೂ ಕೂತು ಕೆಳಗೊಂದು ಹೊಸ ಗೆರೆ ಕೊರೆದರು; ಈಗ ಕೊನೆಯ ಗೆರೆಯ ಕೆಳಗೆ ಚಾಕು ಇಡಲೂ ಜಾಗವಿಲ್ಲ. ‘ಒಣಗಿದ ಹೊಳೆಗೆ ಎಂಥ ಸರದಿ?’ ಎಂದು ಬುರುಲ್ ಕೇಳಿದರೆ, ‘ಸರದೀನೂ ಬಿಟ್ರೆ ಹೊಳೇಲಿ ಉಳಿಯೋದು ಕಲ್ಲು ಮಾತ್ರ. ಎತ್ಕೊಳ್ಳೋಕೆ ಎರಡೂ ಊರಲ್ಲಿ ಕೈ ಕಾಯ್ತಾ ಇದಾವೆ’ ಎನ್ನುತ್ತಾನೆ. ಹಾಗಾಗಿ ದಿನಾ ಬೆಳಿಗ್ಗೆ ಹೊಳೆಗಿಳಿದು ಕೋಲು ಊರುತ್ತಾನೆ. ಇವತ್ತೂ ಅದು ಬಂಡೆಗೆ ಟಕ್ಕೆಂದು ತಾಗುತ್ತದೆ. ‘ಖೋಲ್ನಜರ್, ಇವತ್ತು ನಿಮ್ಮೂರ ಸರದಿ ಕಣೋ!’ ಎಂದು ಕೂಗುತ್ತಾನೆ. ಆಚೆ ಖೋಲ್ನಜರ್ ಮೈಬಲವೆಲ್ಲ ಹಾಕಿ ತನ್ನೂರ ತೂಬಿನ ಹಲಗೆ ಎತ್ತುತ್ತಾನೆ. ಒಂದಿಷ್ಟು ಧೂಳು ಉದುರುತ್ತದೆ. ‘ತಗೊಂಡೆ ಅಣ್ಣಾ,’ ಎನ್ನುತ್ತಾನೆ, ‘ನಾಳೆ ನಿಮ್ಮದು.’