ಅಂದಾಜಿಗಿಂತ ಹೆಚ್ಚು ಅಂಕ ತೆಗೆದ ಅಪರಾಧ

ಎರಡು ವರ್ಷಗಳ ಹಿಂದೆ ನಾನು ವಿಜಯಪುರದಲ್ಲಿ ಶೈಕ್ಷಣಿಕ ಮೌಲ್ಯಮಾಪನದ ಪ್ರಾಧ್ಯಾಪಕರೊಬ್ಬರ ಬಳಿ ಸಂಶೋಧನಾ ಸಹಾಯಕನಾಗಿದ್ದೆ. ಶಾಲೆಯ ಪ್ರಿಪರೇಟರಿ ಅಂಕಗಳಿಂದ ಎಸ್ಸೆಸ್ಸೆಲ್ಸಿ ಅಂಕಗಳನ್ನು ಮುಂಚಿತವಾಗಿ ಅಂದಾಜಿಸುವುದು ಅವರ ಸಂಶೋಧನೆ. ಅಂದಾಜಿಗೂ ನಿಜವಾಗಿ ಬಂದ ಅಂಕಕ್ಕೂ ಇರುವ ಅಂತರಕ್ಕೆ ರೆಸಿಡ್ಯುಯಲ್ ಎನ್ನುತ್ತಾರೆ. ಅದು ವಿಪರೀತ ದೊಡ್ಡದಾದರೆ ನಕಲು ನಡೆದಿದೆ ಎಂದೇ ಪ್ರಾಧ್ಯಾಪಕರ ತೀರ್ಮಾನ.

ತಿಕೋಟಾದ ಶಾಲೆಗಳಲ್ಲಿ ಅಂದಾಜು ಸರಿಯಾಗಿ ಕೂತಿತ್ತು. ಬಬಲೇಶ್ವರದ ಒಂದು ಶಾಲೆಯಲ್ಲಿ ಮಾತ್ರ ಇಡೀ ತರಗತಿ ಗಣಿತದಲ್ಲಿ ಅಂದಾಜನ್ನು ದಾಟಿ ಹೋಗಿತ್ತು. ಎಲ್ಲರಿಗಿಂತ ದೂರ ಜಿಗಿದವಳು ರೇಣುಕಾ.

“ಗಣಿತ ಒಂದರಲ್ಲೇ ಯಾಕೆ ಸರ್? ನಕಲು ಮಾಡೋರು ವಿಜ್ಞಾನಕ್ಕೆ ಮಡಿ ಮಾಡ್ತಾರಾ?” ಎಂದೆ.

“ಅಂಕಿ ಸುಳ್ಳು ಹೇಳೋದಿಲ್ಲ.”

“ಅಂಕಿ ಏನೂ ಹೇಳಿಲ್ಲ ಸರ್. ಹೇಳ್ತಿರೋದು ನೀವು.”

ಮಾತಿನಲ್ಲಿ ಗೆದ್ದೆ. ಆದರೆ ಅವರು ಆಗಲೇ ಹೆಡ್‌ಮಾಸ್ತರರಿಗೆ ಫೋನ್ ಮಾಡಿದ್ದರು. ಹೆಡ್‌ಮಾಸ್ತರರು ರೇಣುಕಾಳ ಟಿಸಿ ತಡೆದು ತಂದೆಯನ್ನು ಕರೆಸಿದರು. ಟಿಸಿ ಇಲ್ಲದಿದ್ದರೆ ವಿಜಯಪುರದ ಕಾಲೇಜಿನಲ್ಲಿ ಅವಳ ವಿಜ್ಞಾನದ ಸೀಟು ಹೋಗುತ್ತಿತ್ತು. ಪ್ರವೇಶಕ್ಕೆ ಮರುದಿನವೇ ಕೊನೆ.

ವಿಚಾರಣೆಗೆಂದು ಪ್ರಾಧ್ಯಾಪಕರೂ ನಾನೂ ಶಾಲೆ ತಲುಪಿದಾಗ ಅಂಗಳದಲ್ಲಿ ಜನ ಸೇರಿದ್ದರು. ಜೀಪು ಓಡಿಸುವ ಅವಳಪ್ಪ ಮಲ್ಲಪ್ಪ, ಎಂಜಿನ್ನಿನ ಫ್ಯಾನ್ ಬೆಲ್ಟ್ ಹಿಡಿದು ಮಗಳನ್ನು ಬಾರಿಸುತ್ತಿದ್ದ.

“ಕಾಪಿ ಹೊಡದು ನನ್ನ ಮಾರಿಗೆ ಮಸಿ ಬಳದೀ ಏನಬೇ!”

“ಇಲ್ಲೋ ಯಪ್ಪಾ! ಓದೇನಿ! ನಾ ಓದೇನಿ!”

ರವಿಕೆಯ ಬೆನ್ನು ಹರಿದು ರಕ್ತ ಜಿನುಗುತ್ತಿತ್ತು. ನಾನು ಬೆಲ್ಟಿಗೆ ಕೈ ಹಾಕಿದೆ, ಅಂಗೈ ಸುಲಿಯಿತು. ಆಗ ಗಣಿತದ ಮಾಸ್ತರರು ಓಡಿಬಂದು ಅವಳಿಗೆ ಅಡ್ಡ ನಿಂತರು.

“ಬಿಡೋ ಅಕೀನ್ನ! ಪ್ರಿಪರೇಟರಿಯೊಳಗ ನಾನ ಮಾರ್ಕ್ಸ್ ಕಡದೇನಿ. ಎಲ್ಲಾರ್ದೂ ಕಡದೇನಿ, ಹೆದರಿ ಓದ್ಲಿ ಅಂತ. ಶಾಣ್ಯಾ ಹುಡಿಗಿ, ಸೊಕ್ಕು ಬರಬಾರ್ದಂತ ಅಕೀದು ಇನ್ನೂ ಜಾಸ್ತಿ ಕಡದೇನಿ!”

ಮಲ್ಲಪ್ಪ ಮಾಸ್ತರರತ್ತ ತಿರುಗಿದ. “ನೀ ಕಡದದ್ದಕ್ಕ ನಾ ಮಗಳ ಚರ್ಮಾ ಸುಲದ್ನೇನಲೇ, ಮಾಸ್ತರ?”

ಬೆಲ್ಟು ಮಾಸ್ತರರ ಮುಖಕ್ಕೆ ಬಿತ್ತು. ಕನ್ನಡಕ ಚೂರಾಯಿತು, ಹುಬ್ಬು ಸೀಳಿತು. ಕೆಳಗೆ ಬಿದ್ದವರನ್ನು ಅವನು ಒದೆಯುತ್ತಲೇ ಇದ್ದ. ಜನ ಎಳೆದು ಬಿಡಿಸಬೇಕಾಯಿತು.

ಗೋಡೆಗೆ ಆತು ನಿಂತಿದ್ದ ಪ್ರಾಧ್ಯಾಪಕರು ತಮ್ಮಷ್ಟಕ್ಕೇ ಎಂದರು: “ಮೌಲ್ಯಮಾಪಕನ ಬಿಗಿತ... ಇದನ್ನ ಅಂದಾಜಿನ ಮಾಡೆಲ್‌ನಲ್ಲಿ ಸೇರಿಸಬೇಕಿತ್ತು.”

ನಾನು ರೇಣುಕಾಳನ್ನು ಎಬ್ಬಿಸಿ, “ದವಾಖಾನೆಗೆ ಹೋಗೋಣ ನಡಿ” ಎಂದೆ.

ಅವಳು ಕದಲಲಿಲ್ಲ. “ಮೊದಲ ಟಿಸಿ ಕೊಡಸ್ರಿ, ಸರ.”

ಹೆಡ್‌ಮಾಸ್ತರರು ಟಿಸಿಗೆ ಸಹಿ ಹಾಕುವವರೆಗೂ, ರಕ್ತ ಜಿನುಗುವ ಆ ಬೆನ್ನಿನಲ್ಲೇ, ಅವಳು ಮೇಜಿನೆದುರು ನಿಂತಿದ್ದಳು.

ಅಂದಾಜು ತಪ್ಪಿದಾಗ ಮೊದಲು ವಿಚಾರಣೆಗೆ ನಿಲ್ಲಬೇಕಾದದ್ದು ಅಂದಾಜು. ರೆಸಿಡ್ಯುಯಲ್ ಎಂಬುದು ನಮಗೆ ಗೊತ್ತಿಲ್ಲದ್ದರ ಅಳತೆ. ಅದಕ್ಕೆ ನಾವು ಅಪರಾಧ ಎಂದು ಹೆಸರಿಟ್ಟ ದಿನ, ಊರಿನಲ್ಲಿ ಯಾರೋ ಒಬ್ಬರು ಬೆಲ್ಟು ಹುಡುಕುತ್ತಾರೆ.