ಇಳಿಜಾರು ಬಂತು, ಆಫ್ ಮಾಡು

ಚನ್ನಪಟ್ಟಣದ ಸಿಗ್ನಲ್ಲಿನಲ್ಲಿ ನಿಂತದ್ದೇ ತಡ, ನಮ್ಮ ಪುಟ್ಟ ಹೈಬ್ರಿಡ್ ಕಾರು ತಾನಾಗಿಯೇ ಇಂಜಿನ್ ಆರಿಸಿಕೊಂಡು ಸುಮ್ಮನಾಯಿತು. ಕೊಂಡು ತಿಂಗಳಾದರೂ ಈ ಮೌನ ಬಂದಾಗಲೆಲ್ಲ ನನ್ನ ಎದೆ ಧಸಕ್ಕೆನ್ನುತ್ತದೆ. ಪೆಟ್ರೋಲ್ ಮುಗಿಯಿತೆಂದು ಕೈ ಕೀ ಹುಡುಕುತ್ತದೆ. ಕೀ ತಿರುಗಿಸುವ ಜಾಗವೇ ಇದಕ್ಕಿಲ್ಲ! ಪಕ್ಕದಲ್ಲಿ ಕೂತಿದ್ದ ದೊಡ್ಡಪ್ಪ ಮಾತ್ರ ನಕ್ಕರು. ನಗದೆ ಏನು ಮಾಡಿಯಾರು ಹೇಳಿ? ಕಾರು ಈಗ ಕಲಿತ ವಿದ್ಯೆಯನ್ನು ಅವರು ನನಗೆ ಇಪ್ಪತ್ತು ವರ್ಷದ ಹಿಂದೆಯೇ ಕಲಿಸಿದ್ದರು.

ಆಗ ಹೊಂಗನೂರಿನ ಅವರ ಮನೆಯಲ್ಲೊಂದು ಹಳೇ ಕಾರಿತ್ತು. ಹೊಸದಾಗಿ ಡ್ರೈವಿಂಗ್ ಕಲಿತ ನಾನೇ ಅದರ ಡ್ರೈವರಮ್ಮ. ಇಳಿಜಾರು ಕಂಡರೆ ಸಾಕು, "ಆಫ್ ಮಾಡ್ ಮಗ, ಅದ್ರ ಪಾಡ್ಗೆ ಅದು ಹೋಯ್ತದೆ" ಎನ್ನುವರು. ಇಂಜಿನ್ ಆರಿದರೆ ಬ್ರೇಕು ಕಲ್ಲಾಗುತ್ತಿತ್ತು, ಎರಡೂ ಕಾಲು ಸೇರಿಸಿ ಒತ್ತುತ್ತಿದ್ದೆ. ಅವರಿಗೆ ಮೈಲೇಜೇ ಮನೆದೇವರು. ಈಗಿನ ಈ ಕಾರಿನಲ್ಲಿ ಬ್ರೇಕ್ ಒತ್ತಿದರೂ ಬ್ಯಾಟರಿಗೆ ಒಂದಿಷ್ಟು ಕರೆಂಟು ಜಮೆಯಾಗುತ್ತದೆ. ಊರೊಳಗೆ ನಿಂತು ನಿಂತು ಸಾಗುವಾಗಲೇ ಇದು ಕಡಿಮೆ ಕುಡಿಯುವುದು.

ಆ ಹಳೇ ಕಾರಿನಲ್ಲೇ ಒಂದು ಬೆಳಿಗ್ಗೆ ಕನಕಪುರದ ಕಡೆಯಿಂದ ಚಾಕಿ ಹುಳ, ಅಂದರೆ ರೇಷ್ಮೆಯ ಎಳೇ ಹುಳ, ತರುತ್ತಿದ್ದೆವು. ಹಿಂದಿನ ರೇಷ್ಮೆ ಬೆಳೆ ಪೂರ್ತಿ ಕೈಕೊಟ್ಟಿತ್ತು. ದೊಡ್ಡಮ್ಮ ಹುಳದ ಮನೆ ತೊಳೆದು, ಎಳೇ ಹಿಪ್ಪುನೇರಳೆ ಸೊಪ್ಪು ಕುಯ್ದು ಕಾಯುತ್ತಿದ್ದರು. ಬಿಸಿಲೇರುವ ಮುಂಚೆ ಮನೆ ಮುಟ್ಟದಿದ್ದರೆ ಈ ಬೆಳೆಯೂ ಹೋದಂತೆಯೇ. ಪೆಟ್ರೋಲಿನ ಮುಳ್ಳು ತಳ ಸೇರಿತ್ತು. ರಾಮನಗರದಲ್ಲಿ ಬಂಕಿನ ಕಡೆ ತಿರುಗಿಸಹೋದೆ.

"ಬ್ಯಾಡ ಮಗ! ಪೆಟ್ರೋಲ್ ವಾಸ್ನೆ ಹುಳಕ್ಕಾಗಾಕಿಲ್ಲ. ಇರೋದ್ರಲ್ಲೇ ಹೋಗ್ಬುಡಾದು, ನಡಿ."

ಹುಳ ಸಾಕುವ ಮನೆಯಲ್ಲಿ ಊದುಬತ್ತಿ ಹಚ್ಚಲೂ ಹೆದರುತ್ತಾರೆ, ಒಪ್ಪಿದೆ. ಆದರೆ ಪೆಟ್ರೋಲಿನಲ್ಲೇ ಓಡುವ ಕಾರಿನೊಳಗೆ ಕೂತು ಪೆಟ್ರೋಲಿಗೇ ಮಡಿ ಮಾಡಿದವರು ನಾವಿಬ್ಬರೇ ಇರಬೇಕು!

ಊರು ಇನ್ನೇನು ಬಂತೆನ್ನುವಾಗ ಏರಿನಲ್ಲಿ ಕಾರು ನಿಂತಿತು. ಆ ಮೌನವೇ ನನ್ನೆದೆಯಲ್ಲಿ ಇಂದಿಗೂ ಕೂತಿರುವುದು. ಬಿಸಿಲು ಚುರುಗುಡುತ್ತಿತ್ತು. ದೊಡ್ಡಪ್ಪ ಟವೆಲ್ ಒದ್ದೆ ಮಾಡಿ ಹಿಂದಿನ ಸೀಟಿನ ಹುಳದ ತಟ್ಟೆಗಳಿಗೆ ಹೊದಿಸಿದರು. ಆಮೇಲೆ ಬಿಸಿಲಿಗೆ ತಾವೇ ಅಡ್ಡವಾಗಿ ಕಿಟಕಿಗೆ ಬೆನ್ನು ಕೊಟ್ಟು ನಿಂತರು.

ಹೆದ್ದಾರಿಯ ಪಕ್ಕ ಫ್ಯಾಕ್ಟರಿಗಳು ಏಳುತ್ತಿದ್ದ ಕಾಲ ಅದು. ಗಾರ್ಮೆಂಟ್ಸಿಗೆ ಹೆಂಗಸರನ್ನು ಕರೆದೊಯ್ಯುವ ವ್ಯಾನೊಂದು ಬಂದು ನಿಂತಿತು. ಕಾರು ತಳ್ಳಲು ಎಲ್ಲರೂ ಇಳಿದರು. ನಮ್ಮ ದೊಡ್ಡಪ್ಪ ಕೈ ಮುಗಿಯುವುದು ಬಿಟ್ಟು, "ಕಿಟ್ಕಿ ತಾವ್ ಬರ್ಬ್ಯಾಡಿ ಕಣ್ರವ್ವ, ಪೌಡ್ರು ಹಾಕಿದ್ದೀರಿ, ಮಲ್ಲಿಗೆ ಮುಡ್ದಿದ್ದೀರಿ" ಎಂದುಬಿಟ್ಟರು. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಒಬ್ಬಾಕೆ ನಕ್ಕಳು. "ಗೊತ್ತೈತೆ ಬುಡಣ್ಣ, ನಮ್ಮನೇಲೂ ಹುಳ ಅವೆ" ಎಂದು ಮುಡಿಯ ಹೂವು ಬಿಚ್ಚಿ ಬೇಲಿಯ ಮೇಲಿಟ್ಟಳು. ಉಳಿದವರೂ ಇಟ್ಟರು. ಬೇಲಿ ತುಂಬ ಮಲ್ಲಿಗೆ. ಸೆರಗು ಸಿಕ್ಕಿಸಿಕೊಂಡು ಏರಿನ ತುದಿಯವರೆಗೂ ತಳ್ಳಿದರು.

ಅಲ್ಲಿಂದ ಮನೆಬಾಗಿಲವರೆಗೆ ಇಳಿಜಾರು, ಉರುಳಿಕೊಂಡೇ ಹೋದೆವು. ದೊಡ್ಡಮ್ಮ ಸೊಪ್ಪು ಹಾಕಿದರು. ಹುಳ ಒಂದೊಂದೇ ತಲೆ ಎತ್ತಿ ತಿನ್ನತೊಡಗಿದಾಗ ದೊಡ್ಡಪ್ಪ ಅಲ್ಲೇ ನೆಲದ ಮೇಲೆ ಕೂತುಬಿಟ್ಟರು. ನನಗೆ ಸುಮ್ಮನೆ ಅಳು ಬಂತು.

ಸಿಗ್ನಲ್ ಹಸಿರಾಯಿತು. ಕಾರು ಬ್ಯಾಟರಿಯಲ್ಲೇ ಸದ್ದಿಲ್ಲದೆ ಹೊರಟಿತು. ಊರಾಚೆಯ ಬಂಕು ಕಂಡಾಗ ದೊಡ್ಡಪ್ಪನ ಮುಖ ನೋಡಿದೆ.

"ಹಾಕ್ಸ್ಕೋ ಮಗ," ಅಂದರು, "ಇವತ್ತು ಹುಳ ಇಲ್ವಲ್ಲ."

ಹೊಂಗನೂರಿನ ದಾರಿಯಲ್ಲಿ ಕುರಿಮಂದೆ ಅಡ್ಡ ಬಂತು. ಕಾರು ನಿಂತಿತು, ಇಂಜಿನ್ ಮತ್ತೆ ಸುಮ್ಮನಾಯಿತು. ಇಷ್ಟು ವರ್ಷ ನಾನು ಕಾರು ನಿಂತದ್ದನ್ನೇ ನೆನೆದಿದ್ದೆ, ತಳ್ಳಿದವರನ್ನು ನೆನೆದಿರಲಿಲ್ಲ. ಈ ಸಲ ಕೈ ಕೀ ಹುಡುಕಲಿಲ್ಲ. ಕಣ್ಣು ಬೇಲಿಯ ಮೇಲೆ ಮಲ್ಲಿಗೆ ಹುಡುಕಿತು.